ಆನೆ ಕಾಸಿನ ಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಸೀಮೆಯ ತಾಮ್ರದ ಕಾಸುಗಳ ತೂಕ, ಅಳತೆ, ಅಚ್ಚಿನ ಭೇದ, ಫೋಟೋ ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿದ್ದೇನೆ. ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಹೈದರ್, ಟಿಪ್ಪು, ಮುಮ್ಮಡಿ ಕೃಷ್ಣರಾಜ ಒಡೆಯರು, ಮೂವರ ತಾಮ್ರದ ಮೇಲೂ ಆನೆ ನಡೆದಿರುವುದರಿಂದ ಅದಕ್ಕೆ ಈ ಹೆಸರು. ಇತ್ತೀಚೆಗೆ ಕಾಸಿನ ಬಗ್ಗೆ ಕೇಳುವವರಿಗಿಂತ ಪಟ್ಟಿ ಯಾರದು, ಹೇಗೆ ಬಳಸಬೇಕು, ಕದ್ದರೆ ಏನು ಮಾಡ್ತೀರಿ ಎಂದು ಕೇಳುವವರೇ ಹೆಚ್ಚು. ಒಬ್ಬೊಬ್ಬರಿಗೂ ಬರೆದು ಬೆರಳು ಸವೆಯಿತು, ಅದಕ್ಕೇ ಇದು. ನಾನು ವಕೀಲನಲ್ಲ, ಮೈಸೂರಿನ ಒಬ್ಬ ಕಾಸಿನ ಹುಚ್ಚ. ಕೋರ್ಟಿನವರೆಗೆ ಹೋಗುವ ವ್ಯವಹಾರವಿದ್ದರೆ ಕರಿಕೋಟಿನವರನ್ನೇ ಕಾಣಿ.

ಬಿಟ್ಟಿ ಕೊಟ್ಟಮೇಲೆ ಮುಗೀತು. ಹೆಸರು ಹಾಕಿ, ಹೆಸರು ಹಾಕಿ ಅಂತ ಯಾಕೆ ಗೋಳು ಹುಯ್ಕೋತೀರಿ ಸಾರ್?

ಮಂಡ್ಯದ ಗೆಳೆಯರೊಬ್ಬರು ಇದನ್ನೇ ಇನ್ನೂ ಖಾರವಾಗಿ ಕೇಳಿದ್ದರು: "ಅನ್ನಸಂತರ್ಪಣೆ ಮಾಡ್ಬುಟ್ಟು ಎಲೆ ಮೇಲೆ ಹೆಸ್ರು ಬರೀತೀರಾ?" ಚುಚ್ಚಿತು. ರಾತ್ರಿಯೆಲ್ಲ ಯೋಚಿಸಿದ ಮೇಲೆ ಹೋಲಿಕೆ ಸರಿಯಿಲ್ಲ ಅನ್ನಿಸಿತು. ಉಂಡ ಅನ್ನ ಅಲ್ಲಿಗೆ ಕರಗಿತು. ಪಟ್ಟಿ ಕರಗುವುದಿಲ್ಲ. ಅದರಲ್ಲಿ ಒಂದು ತಪ್ಪು ಇದ್ದರೆ ಆ ತಪ್ಪೂ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ತಪ್ಪನ್ನು ಕಂಡವರು ಯಾರ ಬಾಗಿಲು ತಟ್ಟಬೇಕು? ನಾನು ಹೆಸರು ಕೇಳುವುದು ಮುಖ್ಯವಾಗಿ ಇದಕ್ಕೆ. ಸ್ವಲ್ಪ ಜಂಬವೂ ಇದೆ, ಇಲ್ಲವೆಂದರೆ ಸುಳ್ಳಾದೀತು.

ನಮ್ಮೂರಿನದೇ ಒಂದು ಸಂಗತಿ ಇದೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದವರು ಅಲ್ಲಿ ಕೆಲಸದಲ್ಲಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚಾಯಿತು, ಜಗತ್ತೆಲ್ಲ ಓದಿತು. ಶಾಸ್ತ್ರಿಗಳ ಹೆಸರು ಉಳಿಯಿತು, ಉಳಿಯಬೇಕಾದ್ದೇ. ತಂದುಕೊಟ್ಟವರು ಮಾತ್ರ ಇವತ್ತಿಗೂ "ತಂಜಾವೂರಿನ ಪಂಡಿತ". ಅವರ ಹೆಸರು, ಊರು ನಾಲ್ಕು ಜನರ ಬಾಯಲ್ಲಿ ಉಳಿದಿದ್ದರೆ ಯಾರೋ ಒಬ್ಬರು ಅವರ ಮನೆಗೆ ಹೋಗಿ, ಕಟ್ಟು ಎಲ್ಲಿಂದ ಬಂತು, ಜೊತೆಗೆ ಇನ್ನೇನಿತ್ತು, ನಕಲು ಮಾಡಿದ ಲಿಪಿಕಾರ ಯಾರು ಎಂದು ಕೇಳಬಹುದಿತ್ತು. ಆ ದಾರಿಯೇ ಮುಚ್ಚಿಹೋಯಿತು.

ಹೆಸರು ಹಾಕುವುದು ಹೊರಗಿನಿಂದ ಬಂದ ಚಾಳಿ ಎನ್ನುವವರಿಗೂ ಒಂದು ಮಾತು. ವಚನಕ್ಕೆ ಅಂಕಿತ ಇರುತ್ತದೆ. ಕೇಳಿದ ತಕ್ಷಣ ಇದು ಬಸವಣ್ಣನವರದು, ಇದು ಅಕ್ಕನದು ಎಂದು ಹೇಳಿಬಿಡುತ್ತೇವೆ. ಸೋಮನಾಥಪುರಕ್ಕೆ ಹೋದರೆ ವಿಗ್ರಹಗಳ ಪೀಠದ ಮೇಲೆ ಮಲ್ಲಿತಮ್ಮ ಎಂಬ ಶಿಲ್ಪಿ ಎಷ್ಟು ಕಡೆ ತನ್ನ ಹೆಸರು ಕೆತ್ತಿಕೊಂಡಿದ್ದಾನೆ ನೋಡಿ. ಹದಿಮೂರನೇ ಶತಮಾನದ ಕೆಲಸ. ಅವನನ್ನು ಯಾರೂ ಜಂಬದವನು ಎನ್ನುವುದಿಲ್ಲ.

ಕಾಸಿನ ತೂಕ, ಇಸವಿ ನಿಮ್ಮ ಆಸ್ತಿಯೇನ್ರೀ?

ಅಲ್ಲ. ಟಿಪ್ಪುವಿನ ಜೋಹ್ರಾ ಎಂಬ ತಾಮ್ರದ ಕಾಸು ಸುಮಾರು 11 ಗ್ರಾಂ ತೂಗುತ್ತದೆ ಎಂಬುದು ಯಾರಪ್ಪನ ಆಸ್ತಿಯೂ ಅಲ್ಲ. ಜೋಹ್ರಾದ ಅರ್ಧ ಬಹ್ರಾಮ್, ಕಾಲು ಅಖ್ತರ್, ಎಂಟನೇ ಒಂದು ಕುತುಬ್ ಎಂಬುದೂ ಅಷ್ಟೇ. ಸಂಗತಿಗೆ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಇಲ್ಲ.

ಆದರೆ ಸಂಗತಿ ಬೇರೆ, ಸಂಗತಿಗಳನ್ನು ಆಯ್ದು ಜೋಡಿಸಿದ ರೀತಿ ಬೇರೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯಕೃತಿ ಎಂಬ ಮಾತಿನ ವ್ಯಾಖ್ಯೆಯೊಳಗೆ ಕೋಷ್ಟಕ, ಸಂಕಲನ, ಕಂಪ್ಯೂಟರ್ ದತ್ತಸಂಚಯ (ಡೇಟಾಬೇಸ್) ಇವೂ ಬರುತ್ತವೆ. ಆನೆಯ ಸೊಂಡಿಲು ಎತ್ತಿದೆಯೋ ಇಳಿದಿದೆಯೋ, ಬಾಲ ಯಾವ ಕಡೆ, ಅಂಚಿನ ಚುಕ್ಕಿಸಾಲು ಒಂದೋ ಎರಡೋ ಎಂದು ನಾನು ಮಾಡಿಕೊಂಡ ವಿಂಗಡಣೆ, ಒಂದೊಂದು ಭೇದಕ್ಕೂ ಬರೆದ ಟಿಪ್ಪಣಿ, ಇವು ನನ್ನವು.

ಎಷ್ಟು ಬೆವರು ಸುರಿಸಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದ್ದು ಇದೇ. ಬರೀ ದುಡಿಮೆ, ಖರ್ಚು ಸಾಲದು, ಒಂದಿಷ್ಟಾದರೂ ಸ್ವಂತ ಬುದ್ಧಿಯ ಆಯ್ಕೆ ಇರಬೇಕು. ಅಲ್ಲಿ ಜಗಳ ಇದ್ದದ್ದು ಅಚ್ಚುಮಾಡಿದ ಕೋರ್ಟಿನ ತೀರ್ಪುಗಳ ಮೇಲೆ. ತೀರ್ಪು ಎಲ್ಲರದು, ಕಾಗುಣಿತ ತಿದ್ದಿದ ಮಾತ್ರಕ್ಕೆ ಪ್ರಕಾಶಕರದಾಗುವುದಿಲ್ಲ, ಆದರೆ ಓದಿ ಅರ್ಥಮಾಡಿಕೊಂಡು ಪ್ಯಾರಾ ಒಡೆದು ಸಂಖ್ಯೆ ಕೊಟ್ಟ ಕೆಲಸಕ್ಕೆ ರಕ್ಷಣೆ ಇದೆ ಎಂದಿತು ಕೋರ್ಟು. ನನ್ನ ಇನ್ನೂರು ಭಾನುವಾರಗಳಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಯುರೋಪಿನಲ್ಲಿ 1996ರ ನಿರ್ದೇಶನದಂತೆ ದತ್ತಸಂಚಯ ಕಟ್ಟಿದವರ ಹೂಡಿಕೆಗೇ 15 ವರ್ಷದ ಬೇರೆ ಹಕ್ಕಿದೆ, ನಮ್ಮಲ್ಲಿ ಅಂಥದ್ದಿಲ್ಲ. ಇರಬೇಕಿತ್ತೇ? ನನಗೆ ಬೇಡ. ಇದ್ದಿದ್ದರೆ ನಾನೇ ಮೊದಲ ಪುಟ ಬರೆಯಲು ಆಗುತ್ತಿರಲಿಲ್ಲ.

ಫೋಟೋಗಳು?

ಫೋಟೋ ತೆಗೆದವರದು. ಕಾಸು ನಿಮ್ಮದೇ ಆಗಿದ್ದರೂ, ನಾನು ಪುಕ್ಕಟೆ ಬಂದು ತೆಗೆದಿದ್ದರೆ ಫೋಟೋ ನನ್ನದು. ನೀವು ದುಡ್ಡು ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ನಿಮ್ಮದು. ತೆಗೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ.

ಕಾಸಿನ ಮುಖದ ಮೇಲೇ ಅಡ್ಡಲಾಗಿ ಹೆಸರು ಬಳಿಯಬೇಡಿ ಎಂದು ನನ್ನ ಮನವಿ. ಆನೆಯ ಹೊಟ್ಟೆಯ ಮೇಲೆ ಯಾರದೋ ಫೋನ್ ನಂಬರು ಕೂತಿರುವ ಫೋಟೋದಿಂದ ಅಚ್ಚಿನ ಭೇದ ಗುರುತಿಸುವುದು ಹೇಗೆ? ನಾನು ಫೋಟೋದ ಕೆಳಗೆ ಒಂದು ಖಾಲಿ ಅಂಚು ಬಿಟ್ಟು ಅಲ್ಲಿ ಮಿಲಿಮೀಟರ್ ಅಳತೆ, ಪಟ್ಟಿಯ ಕ್ರಮಸಂಖ್ಯೆ, ಹೆಸರು ಹಾಕುತ್ತೇನೆ. ಕತ್ತರಿಸಿದರೆ ಅಳತೆಯೂ ಹೋಗುತ್ತದೆ, ಹಾಗಾಗಿ ತಿಳಿದವರು ಕತ್ತರಿಸುವುದಿಲ್ಲ. ಫೋಟೋ ಫೈಲಿನ ಒಳಗೆ ಅಡಗಿಸಿಟ್ಟ ಮಾಹಿತಿಯನ್ನು ನೆಚ್ಚಿಕೊಳ್ಳಬೇಡಿ. ವಾಟ್ಸಾಪಿನಲ್ಲಿ ಒಂದು ಸಲ ಹೋಗಿಬಂದರೆ ಅದು ಅಳಿಸಿಹೋಗಿರುತ್ತದೆ.

ನೀವೇ ಹಳೇ ಪುಸ್ತಕಗಳಿಂದ ಎತ್ತಿಲ್ಲವೇ?

ಎತ್ತಿದ್ದೇನೆ, ಎಲ್ಲಿಂದ ಎಂದು ಸಾಲು ಸಾಲಿಗೂ ಬರೆದಿದ್ದೇನೆ. ಹೈದರ್-ಟಿಪ್ಪು ನಾಣ್ಯಗಳ ಮೇಲೆ ಹೆಂಡರ್ಸನ್ ಬರೆದದ್ದು 1921ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಈ ಹವ್ಯಾಸಕ್ಕೆ ಬಿದ್ದವರೆಲ್ಲ ಇವತ್ತಿಗೂ ಅದರ ಹೆಗಲ ಮೇಲೇ ನಿಂತಿರುವುದು.

ನಮ್ಮ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಆಮೇಲೆ ಯಾರಾದರೂ ಬಳಸಬಹುದು. ಶಾಸನಗಳ ಸಂಪುಟಗಳನ್ನು ತಂದ ಬಿ. ಎಲ್. ರೈಸ್ ತೀರಿಕೊಂಡದ್ದು 1927ರಲ್ಲಿ. ಅವರು ಓದಿಸಿದ ಶಾಸನಪಾಠವನ್ನು ನಕಲು ಮಾಡಲು ಯಾರ ಅಪ್ಪಣೆಯೂ ಬೇಡ. ಆದರೂ ಶಾಸನ ಉಲ್ಲೇಖಿಸುವವರು ಸಂಪುಟ, ತಾಲ್ಲೂಕು, ಸಂಖ್ಯೆ ಹಾಕುತ್ತಾರೆ. ಶ್ರೀರಂಗಪಟ್ಟಣ ಇಷ್ಟನೇ ಶಾಸನ ಎಂದರೆ ಸಾಕು, ಓದುಗ ನೇರ ಹೋಗಿ ನೋಡಬಹುದು. ಕಾನೂನಿನ ಭಯ ಮುಗಿದ ಮೇಲೂ ಆ ಶಿಸ್ತು ಉಳಿದಿದೆ ನೋಡಿ. ಅದೇ ಶಾಸನಗಳ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದಿತು. ಹಳೆಯದು ಮುಕ್ತ ಎಂದು ಹೊಸ ಪರಿಷ್ಕರಣೆಯ ಟಿಪ್ಪಣಿಗಳನ್ನೂ ಎತ್ತಬೇಡಿ, ಅವಕ್ಕೆ ಬೇರೆ ಆಯುಸ್ಸಿದೆ.

ಸರಿ, ಹೆಸರು ಹೇಗೆ ಹಾಕಬೇಕು? ಕೃಪೆ: ಗೂಗಲ್ ಅಂದರೆ ನಡೆಯುತ್ತಾ?

ನಡೆಯಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ನಂಜನಗೂಡು ರಸಬಾಳೆ ಕೊಂಡು, ಬೆಳೆದವರು ಯಾರು ಎಂದರೆ ಮಾರ್ಕೆಟ್ಟು ಎಂದ ಹಾಗಾಯಿತು. "ಕೃಪೆ: ಅಂತರ್ಜಾಲ", "ಸಂಗ್ರಹ", "ವಾಟ್ಸಾಪಿನಲ್ಲಿ ಬಂದದ್ದು" ಇವೂ ಅದೇ ಜಾತಿ.

ನಾಲ್ಕು ಸಂಗತಿ ಇದ್ದರೆ ಸಾಕು: ಯಾರದು, ಎಲ್ಲಿ ಸಿಗುತ್ತದೆ, ಯಾವ ತಾರೀಖಿನ ಪ್ರತಿ, ನೀವೇನಾದರೂ ಬದಲಾಯಿಸಿದಿರಾ. ಉದಾಹರಣೆಗೆ, "ಆನೆ ಕಾಸಿನ ಪಟ್ಟಿ, ಕ್ರಮಸಂಖ್ಯೆ 47, ಮಾರ್ಚ್ ತಿಂಗಳ ಪ್ರತಿಯಿಂದ. ತೂಕವನ್ನು ನಾನು ಮತ್ತೆ ನೋಡಿದ್ದೇನೆ." ತಾರೀಖು ಮರೆಯಬೇಡಿ. ಪಟ್ಟಿ ತಿದ್ದುಪಡಿಯಾಗುತ್ತಲೇ ಇರುತ್ತದೆ. ಹಳೇ ಪ್ರತಿಯಲ್ಲಿದ್ದ ತಪ್ಪಿಗೆ ಹೊಸ ಪ್ರತಿಯನ್ನು ಬೈಯಬಾರದಲ್ಲ. ಬದಲಾಯಿಸಿದ್ದನ್ನು ಹೇಳದೆ ನನ್ನ ಹೆಸರು ಹಾಕುವುದಂತೂ ಹೆಸರು ಹಾಕದಿರುವುದಕ್ಕಿಂತ ಕೆಟ್ಟದ್ದು.

ಶಾಲೆ ಮಕ್ಕಳ ಪ್ರಾಜೆಕ್ಟಿಗೆ ಇಷ್ಟೆಲ್ಲ ಬೇಡ. ಪಟ್ಟಿಯ ಹೆಸರು ಬರೆದರೆ ಸಾಕು ಮಗಾ.

ಯಾವ ಲೈಸೆನ್ಸ್ ಇಡುವುದು ಒಳ್ಳೆಯದು? ನಾನೂ ಕೆಆರ್‌ಎಸ್ ಹಿನ್ನೀರಿನ ಹಕ್ಕಿಗಳ ಪಟ್ಟಿ ಮಾಡ್ತಿದ್ದೀನಿ.

ಏನೂ ಬರೆಯದೆ ಬಿಟ್ಟರೆ ಎಲ್ಲ ಹಕ್ಕೂ ನಿಮ್ಮದೇ ಎಂದು ಕಾನೂನು ಭಾವಿಸುತ್ತದೆ. ಒಳ್ಳೆಯವರು ಮುಟ್ಟಲು ಹೆದರುತ್ತಾರೆ, ಕಳ್ಳರು ಹೇಗೂ ಎತ್ತುತ್ತಾರೆ. ಅದಕ್ಕೇ ಏನಾದರೂ ಒಂದು ಬರೆದಿಡಿ. 2002ರಿಂದ ಇರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಸುಲಭ. ಈಗ ಬಳಕೆಯಲ್ಲಿರುವುದು 2013ರಲ್ಲಿ ಬಂದ 4.0 ಆವೃತ್ತಿ. ಸಿಸಿ ಬೈ ಎಂದರೆ ಹೆಸರು ಹಾಕಿ ಏನು ಬೇಕಾದರೂ ಮಾಡಿ. ಸಿಸಿ ಬೈ-ಎಸ್‌ಎ ಎಂದರೆ ಹೆಸರೂ ಹಾಕಿ, ನೀವು ತಿದ್ದಿ ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಕೊಡಿ. ಎನ್‌ಸಿ ಸೇರಿಸಿದರೆ ವ್ಯಾಪಾರಕ್ಕೆ ಬಳಸುವಂತಿಲ್ಲ.

ಮೊದಲು ನಾನು ಎನ್‌ಸಿ ಇಟ್ಟಿದ್ದೆ. ಹರಾಜಿನವರು, ಮಾರುವವರು ನನ್ನ ಫೋಟೋದಿಂದ ದುಡ್ಡು ಮಾಡುವುದು ಬೇಡ ಎಂಬ ಸಿಟ್ಟು. ಆಮೇಲೆ ಗೊತ್ತಾಯಿತು, ಎನ್‌ಸಿ ಇದ್ದರೆ ಕನ್ನಡ ವಿಕಿಪೀಡಿಯಕ್ಕೂ ಹಾಕಲಾಗುವುದಿಲ್ಲ. ಊರಿನ ಒಂದು ಸಣ್ಣ ಪತ್ರಿಕೆಯವರು, ನಮ್ಮಲ್ಲಿ ಜಾಹೀರಾತು ಇದೆ, ಬಳಸಬಹುದೋ ಇಲ್ಲವೋ ಎಂದು ಅನುಮಾನಿಸಿ ಬಿಟ್ಟೇಬಿಟ್ಟರು. ಮಾರುವವರು ಮಾತ್ರ ಕೇರ್ ಮಾಡಲಿಲ್ಲ. ಬಾಗಿಲು ಹಾಕಿದ್ದು ಬೇಕಾದವರಿಗೆ, ಬೇಡದವರು ಕಿಟಕಿಯಿಂದ ಬಂದರು. ಈಗ ಬೈ-ಎಸ್‌ಎ. ಒಂದು ಸಲ ಕೊಟ್ಟ ಪರವಾನಗಿಯನ್ನು ಪಡೆದವರಿಂದ ವಾಪಸ್ ಕಿತ್ತುಕೊಳ್ಳುವ ಹಾಗಿಲ್ಲ, ಆದ್ದರಿಂದ ಬಿಗಿಯಿಂದ ಸಡಿಲಕ್ಕೆ ಹೋಗಬಹುದೇ ಹೊರತು ಸಡಿಲದಿಂದ ಬಿಗಿಗೆ ಬರುವುದು ಕಷ್ಟ. ನಿಮ್ಮ ಹಕ್ಕಿಪಟ್ಟಿಗೆ ಫೋಟೋ ಬೇರೆಯವರದ್ದಿದ್ದರೆ ಅವರನ್ನು ಮೊದಲೇ ಕೇಳಿಕೊಳ್ಳಿ, ಅವರ ಪರವಾಗಿ ನೀವು ಪರವಾನಗಿ ಕೊಡಲು ಬರುವುದಿಲ್ಲ. ಗೂಡುಗಳ ಜಾಗ ಮಾತ್ರ ಬರೆಯಬೇಡಿ.

ಕದ್ದದ್ದು ನಿಮ್ಮ ಪಟ್ಟಿಯಿಂದಲೇ ಅಂತ ಹೇಗೆ ಗೊತ್ತಾಗುತ್ತೆ?

ನನ್ನ ತಪ್ಪುಗಳೇ ಹೇಳಿಬಿಡುತ್ತವೆ.

ಹಳೇ ಹಸ್ತಪ್ರತಿ ಸಂಪಾದನೆ ಮಾಡುವ ವಿದ್ವಾಂಸರಿಗೆ ಇದು ಗೊತ್ತಿರುವ ವಿಷಯ. ಎರಡು ಓಲೆಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಏನೂ ತಿಳಿಯುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಲೋಪ ಇದ್ದರೆ, ಒಂದು ಇನ್ನೊಂದರ ನಕಲು, ಇಲ್ಲವೇ ಎರಡೂ ಒಂದೇ ತಾಯಿಯ ಮಕ್ಕಳು. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆಯ ಇಸವಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1787ರ ಸುಮಾರಿಗೆ ಬರುವ 1215 ಕಾಸಿನ ಮೇಲೆ 5121 ಎಂದು ಕಾಣುತ್ತದೆ. ಹೊಸಬರೆಲ್ಲ ಇಲ್ಲಿ ಎಡವುತ್ತಾರೆ. 1221 ಒಂದೇ ಪಾಪದ್ದು, ಎತ್ತಲಿಂದ ಓದಿದರೂ ಅದೇ. ಇಂಥ ತಪ್ಪು ಎಲ್ಲರೂ ಮಾಡುವಂಥದ್ದು, ಅದರಿಂದ ಕಳ್ಳತನ ಸಾಬೀತಾಗುವುದಿಲ್ಲ. ಆದರೆ ಒಮ್ಮೆ ನಿದ್ದೆಗಣ್ಣಿನಲ್ಲಿ 11.42 ಗ್ರಾಂ ಅನ್ನು 14.12 ಎಂದು ಒತ್ತಿಬಿಟ್ಟಿದ್ದೆ. ಕೆಲವು ತಿಂಗಳಾದ ಮೇಲೆ ಮಾರಾಟಗಾರರೊಬ್ಬರ ಬೆಲೆಪಟ್ಟಿಯಲ್ಲಿ ಅದೇ ಕಾಸು, ಅದೇ 14.12! ಜೋಹ್ರಾ ಅಷ್ಟು ತೂಗುವುದು ಅದಕ್ಕೆ ಬೆಲ್ಲ ಮೆತ್ತಿದರೆ ಮಾತ್ರ.

ಹಾಗಾದರೆ ಬೇಕೆಂದೇ ಒಂದೆರಡು ತಪ್ಪು ಸೇರಿಸಿಬಿಡಿ, ಕಳ್ಳ ಸಿಗ್ತಾನೆ.

ನಕ್ಷೆ ಮಾಡುವವರು ಇಲ್ಲದ ಬೀದಿ ಬರೆದು ಹೀಗೆ ಬಲೆ ಹಾಕಿದ್ದುಂಟು. 1975ರ ಅಮೆರಿಕದ ಒಂದು ವಿಶ್ವಕೋಶದಲ್ಲಿ ಹುಟ್ಟದೇ ಇದ್ದ ಹೆಂಗಸೊಬ್ಬಳ ಜೀವನಚರಿತ್ರೆಯೇ ಇದೆ. ನಾನು ಮಾಡಲ್ಲ. ನನ್ನ ಪಟ್ಟಿ ನಂಬಿ ಯಾರೋ ಹುಡುಗ ತನ್ನ ಮೊದಲ ಕಾಸು ಕೊಳ್ಳುತ್ತಾನೆ, ಕಳ್ಳನಿಗೆ ಇಟ್ಟ ಮುಳ್ಳು ಅವನ ಕಾಲಿಗೆ ಚುಚ್ಚಬಾರದು. ಬಾವಿ ತೋಡಿಸಿ ನೀರಿಗೆ ಬೇವು ಹಿಂಡುವವರುಂಟೇ.

ಆ ಮಾರಾಟಗಾರರನ್ನು ಏನು ಮಾಡಿದಿರಿ?

ಫೋನ್ ಮಾಡಿದೆ. "ನೆಟ್ಟಲ್ಲಿ ಇತ್ತು, ತಗೊಂಡೆ, ಅದ್ರಲ್ಲೇನಿದೆ ಬುಡಿ" ಎಂದರು. ಜಗಳಕ್ಕೆ ಹೋಗಲಿಲ್ಲ. "ಸ್ವಾಮಿ, ನಿಮ್ಮ ಪಟ್ಟಿಯಲ್ಲಿ 14.12 ಅಂತಿದೆ, ಅದು ನನ್ನ ತಪ್ಪು. ಗಿರಾಕಿ ತ್ರಾಸಿಗೆ ಹಾಕಿ ನೋಡಿದರೆ ನಿಮ್ಮ ಕಾಸೇ ಖೋಟಾ ಅಂತಾನೆ" ಎಂದೆ. ಒಂದು ಕ್ಷಣ ಮಾತಿಲ್ಲ. ಸಂಜೆಯೊಳಗೆ ತೂಕ ಸರಿಹೋಯಿತು. ನನ್ನ ಹೆಸರು ಬರಲು ಇನ್ನೂ ಮೂರು ವಾರ ಹಿಡಿಯಿತು, ಅದೂ ಕಾಗುಣಿತ ತಪ್ಪಿ. ಫೋಟೋ ಮಾತ್ರ ಇವತ್ತಿಗೂ ಹಾಗೇ ಇದೆ.

ನೀವು ಇನ್ನೂ ಮುಂದೆ ಹೋಗುವವರಾದರೆ, ಮೊದಲ ಕೆಲಸ ಸಾಕ್ಷಿ. ಬೈಯುವ ಮೊದಲೇ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಜಾಲಪುಟಗಳ ಹಳೇ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಆ ಪುಟವನ್ನು ಉಳಿಸಿ, ಏಕೆಂದರೆ ಬೈದ ಮರುಗಳಿಗೆ ಪುಟ ಮಾಯ. ಆಮೇಲೆ ಮರ್ಯಾದೆಯ ಒಂದು ಪತ್ರ. ಹತ್ತರಲ್ಲಿ ಏಳು ಅಲ್ಲೇ ತೀರುತ್ತವೆ ಎಂಬುದು ನನ್ನ ಅನುಭವ. ಒಪ್ಪದಿದ್ದರೆ ಅದನ್ನು ಇಟ್ಟುಕೊಂಡಿರುವ ಜಾಲತಾಣದ ಕಂಪನಿಗೆ ಲಿಖಿತ ದೂರು ಕೊಡಬಹುದು. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಮತ್ತು 2013ರ ನಿಯಮಗಳ ಪ್ರಕಾರ, ದೂರು ಸಮರ್ಪಕ ಎನ್ನಿಸಿದರೆ ಅವರು 36 ಗಂಟೆಯೊಳಗೆ ತಡೆಯಬೇಕು. ಆ ತಡೆ 21 ದಿನ. ಅಷ್ಟರಲ್ಲಿ ನೀವು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ಹಾಕಿಬಿಡಬಹುದು. ಕಾಸಿನ ಫೋಟೋಗಾಗಿ ಕೋರ್ಟು ಹತ್ತುವ ಪುಣ್ಯಾತ್ಮರನ್ನು ನಾನು ಕಂಡಿಲ್ಲ.

57ನೇ ಸೆಕ್ಷನ್ ನೆನಪಿರಲಿ. ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ, ಇದನ್ನು ಬರೆದವನು ನಾನು ಎಂದು ಹೇಳಿಕೊಳ್ಳುವ ಹಕ್ಕು, ತಿರುಚಿ ನನ್ನ ಮಾನ ಕಳೆದರೆ ತಡೆಯುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ.

ನೋಂದಣಿ ಮಾಡಿಸಲೇಬೇಕಾ?

ಬೇಡ. ಬರೆದ ಕ್ಷಣದಿಂದ ಕೃತಿಸ್ವಾಮ್ಯ ಇದ್ದೇ ಇದೆ. ನೋಂದಾಯಿಸಿದರೆ ಜಗಳದ ಹೊತ್ತಿಗೆ ಅದು ಮೇಲ್ನೋಟದ ಸಾಕ್ಷಿ, ಅಷ್ಟೇ.

ಕಾಸು ಕೊಟ್ಟವರ ಹೆಸರು ಯಾಕೆ ಎಲ್ಲ ಕಡೆ ಹಾಕಿಲ್ಲ? ನೀವೇ ಹೆಸರು ಹೆಸರು ಅಂತೀರಿ.

ಒಳ್ಳೇ ಪೆಟ್ಟು. ಉತ್ತರ: ಕೇಳಿ ಹಾಕುತ್ತೇನೆ. ಮನೆಯಲ್ಲಿ ಹಳೇ ಕಾಸಿದೆ ಎಂದು ಊರಿಗೆಲ್ಲ ಗೊತ್ತಾಗುವುದು ಎಲ್ಲರಿಗೂ ಬೇಕಿಲ್ಲ. ಶ್ರೀರಂಗಪಟ್ಟಣದ ಹತ್ತಿರದ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ಆರು ಕಾಸು ಬಿಚ್ಚಿ ತೂಗಲು ಕೊಟ್ಟು, "ನನ್ ಹೆಸ್ರು ಬರ್ದೀಯೆ ಕಣಪ್ಪ, ಸೊಸೆಗೆ ಗೊತ್ತಾದಾತು" ಎಂದರು. ಪಟ್ಟಿಯಲ್ಲಿ ಅವರು "ಸಂಗ್ರಹ 3". ನನ್ನ ಖಾಸಗಿ ಪುಸ್ತಕದಲ್ಲಿ ಪೂರ್ತಿ ವಿವರ ಇದೆ, ತಂಜಾವೂರಿನ ಪಂಡಿತರ ಗತಿ ಅವರಿಗೆ ಬಾರದಿರಲಿ ಎಂದು.

ಹೊಲದಲ್ಲಿ ಕಾಸು ಸಿಕ್ಕಿದ ಊರಿನ ಹೆಸರನ್ನೂ ಹಾಕುವುದಿಲ್ಲ. ಹಾಕಿದ ಮಾರನೇ ದಿನ ಲೋಹಶೋಧಕ ಹಿಡಿದು ಜನ ಇಳಿಯುತ್ತಾರೆ. ಅಂದಹಾಗೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾವಸ್ತು, ದೇಶದ ಹೊರಕ್ಕೆ ಕಳಿಸುವಂತಿಲ್ಲ. ನೆಲದಲ್ಲಿ ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕು. ನನಗಲ್ಲ.

ಈಗ ಎಐ ಎಲ್ಲವನ್ನೂ ನುಂಗುತ್ತಲ್ಲ?

ನುಂಗುತ್ತದೆ. ನನ್ನ ವಿಂಗಡಣೆಯನ್ನೇ ನನಗೆ ಹೆಸರಿಲ್ಲದೆ ಒಪ್ಪಿಸಿದ್ದೂ ಉಂಟು, ಆನೆಯ ಬಾಲ ಒಂದು ಕಡೆ ತಪ್ಪಿಸಿ. ಬರಬೇಡಿ ಎಂದು ಬೋರ್ಡು ಹಾಕಬಹುದು, ಆದರೆ ಅದು ಬೋರ್ಡು, ಬೀಗವಲ್ಲ.

ನಿಮ್ಮ ನಂತರ ಪಟ್ಟಿಯ ಗತಿ?

ಜನ ಪುಕ್ಕಟೆ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೋಸಿಟೀಸ್ ಜಾಲತಾಣ 2009ರಲ್ಲಿ ಮುಚ್ಚಿತು, ಗೆಳೆಯರ ಗುಂಪುಗಳ ತಾಣ ಆರ್ಕುಟ್ 2014ರಲ್ಲಿ. ಎಷ್ಟು ಜನ ಹವ್ಯಾಸಿಗಳ ಕೆಲಸ ಕೊಚ್ಚಿಹೋಯಿತೋ. ನಾನು ಯುಗಾದಿಗೊಮ್ಮೆ ಇಡೀ ಪಟ್ಟಿಯನ್ನು ಸಾದಾ ಅಕ್ಷರದ ಕಡತವಾಗಿ ಮಾಡಿ ಮೂವರಿಗೆ ಕೊಡುತ್ತೇನೆ, ಒಬ್ಬರು ಮೈಸೂರು, ಒಬ್ಬರು ಮಂಡ್ಯ, ಒಬ್ಬರು ದೂರದೂರಿನವರು. ಒಂದು ಪ್ರತಿ ಕಾಗದದ ಮೇಲೂ ಇದೆ. ಮಗಳು ಪರವಾನಗಿಯ ಚೀಟಿಯನ್ನು ಎಲ್‌ಐಸಿ ಬಾಂಡಿನ ಜೊತೆ ಇಟ್ಟಿದ್ದಾಳೆ.

ನಿಮ್ಮ ಪಟ್ಟಿಯಲ್ಲಿ ಒಂದು ತಪ್ಪು ಸಿಕ್ಕಿದೆ, ಹೇಳಿದರೆ ಬೇಜಾರಾಗುತ್ತಾ?

ಹೇಳದಿದ್ದರೆ ಬೇಜಾರು. ಕ್ರಮಸಂಖ್ಯೆ ಬರೆಯಿರಿ, ಎರಡೂ ಮುಖದ ಫೋಟೋ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ತೆಗೆಯಿರಿ, ಅಕ್ಕಸಾಲಿಗರ ತ್ರಾಸಿನಲ್ಲಿ ಎರಡು ಸಲ ತೂಗಿಸಿ. ಸರಿಯಿದ್ದರೆ ಆ ಸಾಲಿನಲ್ಲೇ "ತಿದ್ದಿದವರು" ಎಂದು ನಿಮ್ಮ ಹೆಸರು ಬರುತ್ತದೆ, ಬೇಡವೆಂದರೆ ಸಂಖ್ಯೆ ಬರುತ್ತದೆ. ತೂಗುವ ಮೊದಲು ಹೊಳೆಯಲಿ ಎಂದು ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ.